ವಾಂಡಾ ಜಾಕ್ಸನ್ ಅಂದ್ರೆ ಎಲ್ವಿಸ್ ಗೆಳತಿ, ಅಷ್ಟೇನಾ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ರಾಕ್ ಆಂಡ್ ರೋಲ್ ಹುಟ್ಟಿದ ಕಥೆ ಓದಿದೆ. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಎಲ್ವಿಸ್ ಪ್ರೀಸ್ಲಿ ಇದ್ದ, ಕಾರ್ಲ್ ಪರ್ಕಿನ್ಸ್ ಇದ್ದ, ಬಡ್ಡಿ ಹಾಲಿ ಇದ್ದ, ಜೆರ್ರಿ ಲೀ ಲೂಯಿಸ್‌ಗಂತೂ ಅರ್ಧ ಕಾಲಂ ಸಿಕ್ಕಿತ್ತು. ಹೆಂಗಸು ಅಂತ ಬಂದದ್ದು ಒಬ್ಬರೇ, ಅದೂ ಒಂದೇ ಸಾಲಿನಲ್ಲಿ: 'ಎಲ್ವಿಸ್‌ನ ಗೆಳತಿಯಾಗಿದ್ದ ಗಾಯಕಿ ವಾಂಡಾ ಜಾಕ್ಸನ್'. ಅಷ್ಟು ಹೇಳಿ ಲೇಖನ ಮುಂದಕ್ಕೆ ಹೋಗಿಬಿಟ್ಟಿದೆ.

ಗೆಳತಿ ಆಗಿದ್ದದ್ದು ಸುಳ್ಳಲ್ಲ. ಆದರೆ ಅದು ಹೆಚ್ಚೆಂದರೆ ಒಂದೆರಡು ವರ್ಷದ ಮಾತು. ಈಯಮ್ಮ ಹಾಡಿದ್ದು ಅರವತ್ತು ವರ್ಷಕ್ಕೂ ಜಾಸ್ತಿ. ಅಷ್ಟು ದೊಡ್ಡ ಬದುಕನ್ನು ಒಬ್ಬ ಹುಡುಗನ ಪಕ್ಕದಲ್ಲಿ ಅಡಿಟಿಪ್ಪಣಿ ಮಾಡಿ ಇಡೋದು ಸರಿ ಅಲ್ಲ ಅಲ್ವಾ? ತಪ್ಪು ನಿಮ್ಮ ಲೇಖಕರೊಬ್ಬರದ್ದೇ ಅಂತ ನಾನು ಹೇಳ್ತಿಲ್ಲ. ಎಲ್ಲರೂ ಹೀಗೇ ಬರೆಯುತ್ತಾರೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸಬೇಕಾದರೆ ಕತ್ತರಿಸಿಕೊಳ್ಳಿ.

ಮೊದಲು ವಾಂಡಾ ಹಾಡಿದ ರಾಕಬಿಲ್ಲಿ ಅಂದರೇನು ಅಂತ ಒಂದು ಮಾತು, ಪುರವಣಿಯಲ್ಲಿ ಅದೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಬಿಳಿಯರ ಕಂಟ್ರಿ ಹಾಡು, ಕರಿಯರ ಬ್ಲೂಸ್ ಮತ್ತು ರಿದಮ್ ಆಂಡ್ ಬ್ಲೂಸ್, ಇವೆರಡೂ 1950ರ ದಶಕದ ನಡುವೆ ಒಂದಕ್ಕೊಂದು ಬೆರೆತವು. ಆಳೆತ್ತರದ ಬೇಸ್ ವಾದ್ಯದ ತಂತಿ ಎಳೆದು ಬಿಡ್ತಾರೆ, ಅದು ಮರಕ್ಕೆ ಪಟಪಟ ಬಡಿಯುತ್ತೆ. ಡ್ರಮ್ ಇಲ್ಲದಿದ್ದರೂ ತಾಳ ಸಿಕ್ಕಿಬಿಡುತ್ತೆ. ಮೇಲೊಂದು ಎಲೆಕ್ಟ್ರಿಕ್ ಗಿಟಾರು, ದನಿಗೆ ಸ್ವಲ್ಪ ಪ್ರತಿಧ್ವನಿ. ಹಾಡುವವನು ಬಿಕ್ಕಳಿಸಿದ ಹಾಗೆ ಪದ ತುಂಡು ಮಾಡಿ ಹಾಡ್ತಾನೆ. 'ಹಾಡುವವನು' ಅಂತಲೇ ಬರೆದೆ ನೋಡಿ, ಯಾಕೆಂದರೆ ಆಗ ಎಲ್ಲರೂ ಹಾಗೇ ಅಂದುಕೊಂಡಿದ್ದರು.

ವಾಂಡಾ ಹುಟ್ಟಿದ್ದು 1937ರ ಅಕ್ಟೋಬರ್ 20ರಂದು, ಒಕ್ಲಹೋಮಾದ ಮಾಡ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ಟಾಮ್ ಸಂಗೀತದ ಹುಚ್ಚಿನವರು. ಆದರೆ ಆ ಬರಗಾಲದ, ಕೆಲಸ ಇಲ್ಲದ ದಿನಗಳಲ್ಲಿ ಪಿಟೀಲು ಗಿಟಾರು ಹೊಟ್ಟೆ ತುಂಬಿಸಲಿಲ್ಲ. ಸಂಸಾರ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕ್ಷೌರದ ಕೆಲಸ ಕಲಿತು ಬೇಕರ್ಸ್‌ಫೀಲ್ಡ್‌ನಲ್ಲಿ ನೆಲೆ ನಿಂತರು. ಹುಡುಗಿಗೆ ಆರು ವರ್ಷ ಆದಾಗ ಅಪ್ಪ ಒಂದು ಗಿಟಾರ್ ತಂದುಕೊಟ್ಟು ತಾವೇ ತಂತಿಯ ಮೇಲೆ ಬೆರಳಿಡೋದನ್ನು ಹೇಳಿಕೊಟ್ಟರು. ಶನಿವಾರ ರಾತ್ರಿ ಅಪ್ಪ ಅಮ್ಮ ನೃತ್ಯಕ್ಕೆ ಹೋದರೆ ಮಗಳೂ ಜೊತೆಗೆ. ಬಾಬ್ ವಿಲ್ಸ್, ಸ್ಪೇಡ್ ಕೂಲಿ, ಇಂಥವರ ದೊಡ್ಡ ದೊಡ್ಡ ಬ್ಯಾಂಡುಗಳು. ಉಳಿದ ಮಕ್ಕಳು ಬೆಂಚಿನ ಮೇಲೆ ನಿದ್ದೆ ಹೋಗಿರಬಹುದು, ಇವಳು ವೇದಿಕೆಯ ಕೆಳಗೆ ನಿಂತು ಕತ್ತೆತ್ತಿ ನೋಡ್ತಾ ಇದ್ದಳು. ರೋಸ್ ಮ್ಯಾಡಾಕ್ಸ್ ಅನ್ನೋ ಗಾಯಕಿ ತನ್ನ ಅಣ್ಣ ತಮ್ಮಂದಿರ ಜೊತೆ ಜಗಜಗ ಅನ್ನೋ ಬಟ್ಟೆ ಹಾಕಿಕೊಂಡು, ಬಾಯಿ ತುಂಬ ನಕ್ಕು, ಗಂಟಲು ಬಿಟ್ಟು ಹಾಡೋರು. ಹುಡುಗಿಯ ತಲೆಗೆ ಅದು ಹೊಕ್ಕಿತು.

1940ರ ದಶಕ ಮುಗಿಯುವ ಹೊತ್ತಿಗೆ ಇವರು ಮತ್ತೆ ಒಕ್ಲಹೋಮಾ ಸಿಟಿಗೆ ವಾಪಸ್ಸು. ಹೈಸ್ಕೂಲಿನಲ್ಲಿ ಇರುವಾಗಲೇ ಒಂದು ಸ್ಪರ್ಧೆ ಗೆದ್ದು, ಕೆಎಲ್‌ಪಿಆರ್ ರೇಡಿಯೋದಲ್ಲಿ ದಿನಾ ಹದಿನೈದು ನಿಮಿಷ ಹಾಡುವ ಕಾರ್ಯಕ್ರಮ ಸಿಕ್ಕಿತು. ಆಗ ಕಂಟ್ರಿ ಸಂಗೀತದಲ್ಲಿ ದೊಡ್ಡ ಹೆಸರು ಹ್ಯಾಂಕ್ ಥಾಂಪ್ಸನ್. ಅವರು ಇದನ್ನು ಕೇಳಿ ರೇಡಿಯೋ ಸ್ಟೇಷನ್ನಿಗೇ ಫೋನ್ ಮಾಡಿದರು, ಶನಿವಾರ ನಮ್ಮ ಬ್ಯಾಂಡ್ ಜೊತೆ ಹಾಡ್ತೀಯಾ ಅಂತ. ಹುಡುಗಿ ಹೇಳಿದ್ದೇನು ಗೊತ್ತಾ? ಆಸೆ ಇದೆ, ಆದ್ರೆ ಅಮ್ಮನ್ನ ಕೇಳ್ಬೇಕು ಅಂತ. 1954ರಲ್ಲಿ ಥಾಂಪ್ಸನ್ ಅವರೇ ಇವರನ್ನು ಕ್ಯಾಪಿಟಲ್ ರೆಕಾರ್ಡ್ಸ್‌ಗೆ ಸೇರಿಸೋಕೆ ನೋಡಿದರು. ಅಲ್ಲಿನ ನಿರ್ಮಾಪಕ ಕೆನ್ ನೆಲ್ಸನ್, ಹುಡುಗೀರ ರೆಕಾರ್ಡು ಮಾರಾಟ ಆಗಲ್ಲ ಅಂತ ಹೇಳಿ ಕಳಿಸಿದ. ಸರಿ, ಡೆಕ್ಕಾ ಕಂಪನಿಗೆ ಹೋಗಿ ಥಾಂಪ್ಸನ್ ಬ್ಯಾಂಡಿನ ಬಿಲ್ಲಿ ಗ್ರೇ ಜೊತೆ ಒಂದು ಯುಗಳಗೀತೆ ಹಾಡಿದರು, 'ಯೂ ಕಾಂಟ್ ಹ್ಯಾವ್ ಮೈ ಲವ್'. ಅದು ದೇಶದ ಕಂಟ್ರಿ ಪಟ್ಟಿಯಲ್ಲಿ 8ನೇ ಜಾಗಕ್ಕೆ ಏರಿತು. ಇನ್ನೂ ಶಾಲೆ ಮುಗಿದಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಇವರು ಎಲ್ವಿಸ್‌ನ ಮುಖ ನೋಡಿದ್ದು 1955ರ ಜುಲೈನಲ್ಲಿ. ಅಂದರೆ ಇವರ ಹಾಡು ಇಡೀ ದೇಶದ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದು ಹೋಗಿ ಆಗಿದೆ, ಅವನಿನ್ನೂ ದಕ್ಷಿಣದ ಊರೂರು ಅಲೆಯುತ್ತಿದ್ದ ಹೊಸ ಹುಡುಗ. ಇವರು ಅವನ ಹೆಸರೂ ಕೇಳಿರಲಿಲ್ಲ. ಯಾರು ಯಾರ ಗೆಳತಿ, ಯಾರು ಯಾರ ಗೆಳೆಯ ಅನ್ನೋದನ್ನ ಆ ದಿನದ ಲೆಕ್ಕದಲ್ಲಿ ಬರೆದರೆ ಸಾಲು ತಿರುಗಿಹೋಗುತ್ತೆ!

ಅದಿರಲಿ. ಬಟ್ಟೆಯ ವಿಷಯ ಹೇಳಬೇಕು, ಯಾಕೆಂದರೆ ಅದರಲ್ಲೇ ಅರ್ಧ ಕಥೆ ಇದೆ. ಆಗ ಕಂಟ್ರಿ ಹಾಡುವ ಹೆಣ್ಣುಮಕ್ಕಳು ಅಂದರೆ ದನಗಾಹಿ ಟೋಪಿ, ಬೂಟು, ಅಗಲ ಲಂಗ. ವಾಂಡಾಗೆ ಅದು ಸುತರಾಂ ಹಿಡಿಸಲಿಲ್ಲ. ತಾವೇ ಚಿತ್ರ ಬರೆದು ಕೊಡೋರು, ಅಮ್ಮ ನೆಲ್ಲಿ ಹೊಲಿದು ಕೊಡೋರು. ಮೈಗೆ ಅಂಟಿ ಕೂರುವ ಉಡುಪು, ಭುಜಕ್ಕೆ ದಾರದಷ್ಟು ಸಣ್ಣ ಪಟ್ಟಿ, ಕೆಳಗೆ ರೇಷ್ಮೆ ಕುಚ್ಚುಗಳ ಸಾಲು, ಎತ್ತರದ ಹಿಮ್ಮಡಿ, ಉದ್ದ ಓಲೆ. ಸೊಂಟ ಒಂಚೂರು ಅಲ್ಲಾಡಿದರೆ ಸಾಕು, ಕುಚ್ಚು ಎಲ್ಲಾ ಅಲ್ಲಾಡುತ್ತೆ. ನ್ಯಾಶ್ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಅನ್ನೋ ರೇಡಿಯೋ ಕಾರ್ಯಕ್ರಮದ ವೇದಿಕೆ ಅಂದರೆ ಕಂಟ್ರಿ ಹಾಡುಗಾರರಿಗೆ ದೊಡ್ಡ ಗುಡಿ ಇದ್ದ ಹಾಗೆ. ಅಲ್ಲಿ ಹಾಡೋಕೆ ಕರೆ ಬಂತು. ಅಮ್ಮ ಅದಕ್ಕೆ ಅಂತಲೇ ಹೊಸದು ಹೊಲಿದುಕೊಟ್ಟರು. ವೇದಿಕೆಗೆ ಹೋಗುವ ಗಳಿಗೆಯಲ್ಲಿ ಹಿರಿಯ ಕಂಟ್ರಿ ಗಾಯಕ ಅರ್ನೆಸ್ಟ್ ಟಬ್ ಬಂದು ನೋಡಿ, ಹೆಂಗಸರು ಭುಜ ಬಿಟ್ಟುಕೊಂಡು ಇಲ್ಲಿ ಹಾಡೋ ಹಾಗಿಲ್ಲಮ್ಮ ಅಂದುಬಿಟ್ಟರು. ಬೇರೆ ಬಟ್ಟೆ ಎಲ್ಲಿಂದ ತರೋದು? ಇದ್ದ ಚರ್ಮದ ಜಾಕೆಟ್ಟನ್ನು ಮೇಲೆ ಹಾಕಿಕೊಂಡು, ಹೊಸ ಬಟ್ಟೆ ಮುಚ್ಚಿಕೊಂಡು, ಅಳು ತಡೆದುಕೊಂಡು ಹೋಗಿ ಹಾಡಿದರು. ಹಿಂದೆ ಹಾಸ್ಯಗಾರರು ಏನೋ ಚೇಷ್ಟೆ ಮಾಡ್ತಿದ್ದರು, ಜನ ಆ ಕಡೆ ನೋಡಿ ನಗ್ತಿದ್ದರು. ಇಳಿದು ಬಂದವರೇ ಅಪ್ಪನಿಗೆ ಹೇಳಿದರು, ಇನ್ನು ಈ ಜಾಗಕ್ಕೆ ಬರಲ್ಲ ಅಂತ. ಆ ವಯಸ್ಸಿಗೆ ಆ ಮಾತು! ಓಪ್ರಿಯವರು ಕರೆದರೆ ಸಾಕು ಅಂತ ದೊಡ್ಡವರೇ ಕಾಯ್ತಿದ್ದ ಕಾಲ ಅದು.

ಈಗ ಎಲ್ವಿಸ್ ಭಾಗ. ಅದನ್ನು ಬಿಟ್ಟರೂ ತಪ್ಪಾಗುತ್ತೆ. ಶಾಲೆ ಮುಗಿಸಿ ಅಪ್ಪನ ಜೊತೆ ಕಾರಿನಲ್ಲಿ ಊರೂರು ತಿರುಗೋಕೆ ಶುರು ಮಾಡಿದ ಹೊಸತು. ಮಿಸ್ಸೂರಿಯ ಕೇಪ್ ಜಿರಾರ್ಡೋದಲ್ಲಿ ಇಬ್ಬರ ಕಾರ್ಯಕ್ರಮ ಒಟ್ಟಿಗೆ. ಇವರು ಹಾಡಿ ಬಂದು ಒಳಗೆ ಕೂತಿದ್ದಾರೆ, ಹೊರಗೆ ಒಂದೇ ಸಮನೆ ಕಿರುಚಾಟ. ಬೆಂಕಿ ಬಿದ್ದಿರಬೇಕು, ಸಾಮಾನು ಕಟ್ಟು ಅಂತ ಅಪ್ಪ ಓಡಿದರು. ನೋಡಿಕೊಂಡು ಬಂದು, ಬೆಂಕಿ ಎಲ್ಲ ಏನೂ ಇಲ್ಲ, ನೀನೇ ಬಂದು ನೋಡಬೇಕು ಅಂದರಂತೆ. ವೇದಿಕೆ ಮೇಲೆ ಎಲ್ವಿಸ್ ಕಾಲು ನಡುಗಿಸ್ತಾ ಇದ್ದಾನೆ, ಕೆಳಗೆ ಹುಡುಗೀರು ಕೂಗ್ತಾ ಇದ್ದಾರೆ.

ನೀನೂ ಈ ಥರದ್ದು ಹಾಡು ಅಂತ ಒತ್ತಾಯ ಮಾಡಿದ್ದು ಅವನೇ. ನಾನು ಬರೀ ಕಂಟ್ರಿ ಹಾಡೋಳು ಅಂದರೆ, ನಾನೂ ಅಷ್ಟೇ ತಾನೇ ಅಂದ. ಮೆಂಫಿಸ್‌ನ ತನ್ನ ಮನೆಗೆ ಕರೆದುಕೊಂಡು ಹೋಗಿ ಬ್ಲೂಸ್ ರೆಕಾರ್ಡುಗಳನ್ನು ಹಾಕಿ ಕೇಳಿಸಿದ. ಒಂದು ಉಂಗುರ ಕೊಟ್ಟ, ಇವರು ಅದನ್ನು ಸರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡರು. ಅಪ್ಪ ಸದಾ ಜೊತೆಗೇ ಇರ್ತಿದ್ದರು, ಹಾಗಾಗಿ ಸಿನಿಮಾಕ್ಕೆ ಹೋಗಿ ಏನೋ ತಿಂದು ಬರುವಷ್ಟೇ ಓಡಾಟ. ಮುಂದೆ ಯಾವಾಗಲೂ ವಾಂಡಾ ಎಲ್ವಿಸ್‌ನ ಉಪಕಾರ ನೆನೆದವರೇ. ನನ್ನ ತಕರಾರು ಅವನ ಮೇಲಲ್ಲ. ಹಾಡು ಅಂತ ಹೇಳೋದು ಸುಲಭ, ಹಾಡಿದವರು ಯಾರು?

ಹಾಡಿದ್ದು ಹೇಗೆ ಅಂತಲೂ ಹೇಳ್ತೀನಿ. 1956ರಲ್ಲಿ ಕ್ಯಾಪಿಟಲ್ ಕಂಪನಿ ಇವರನ್ನು ಸೇರಿಸಿಕೊಂಡಿತು. ನಿರ್ಮಾಪಕ ಯಾರು? ಅದೇ ಕೆನ್ ನೆಲ್ಸನ್! ಹಾಲಿವುಡ್‌ನ ಸ್ಟುಡಿಯೋದಲ್ಲಿ ಜೋ ಮೇಫಿಸ್ ಗಿಟಾರ್, ಆಗಿನ್ನೂ ಯಾರಿಗೂ ಗೊತ್ತಿಲ್ಲದ ಬಕ್ ಓವೆನ್ಸ್ ಕೂಡ ಗಿಟಾರ್. 'ಐ ಗಾಟ್ಟಾ ನೋ' ಅನ್ನೋ ಹಾಡು ಕೇಳಿ ನೋಡಿ. ಪಿಟೀಲಿನ ಜೊತೆ ನಿಧಾನಕ್ಕೆ, ಗೋಳಿನ ಕಂಟ್ರಿ ಹಾಡಿನ ಹಾಗೆ ಶುರುವಾಗುತ್ತೆ, ತಟ್ಟನೆ ಓಟಕ್ಕೆ ಬಿದ್ದುಬಿಡುತ್ತೆ, ಮತ್ತೆ ನಿಧಾನ, ಮತ್ತೆ ಓಟ. ಅತ್ತಲೂ ಇರಬೇಕು, ಇತ್ತಲೂ ಹೋಗಬೇಕು ಅನ್ನೋ ಹುಡುಗಿಯ ಸ್ಥಿತಿ ಆ ಒಂದೇ ಹಾಡಲ್ಲಿ ಇದೆ. ಮುಂದೆ ಪ್ಲೇಟುಗಳೂ ಹಾಗೇ ಬಂದವು, ಒಂದು ಮಗ್ಗುಲಲ್ಲಿ ಕಂಟ್ರಿ, ಇನ್ನೊಂದು ಮಗ್ಗುಲಲ್ಲಿ ರಾಕ್. ರೇಡಿಯೋದವರು ಏನು ಮಾಡಿದರು ಅಂತೀರಾ, ಕಂಟ್ರಿ ಮಗ್ಗುಲು ಹಾಕಿ ಇನ್ನೊಂದನ್ನು ತಿರುಗಿಸಲೇ ಇಲ್ಲ.

ಆ ಇನ್ನೊಂದು ಮಗ್ಗುಲಲ್ಲಿ ಇರೋ ದನಿ! ಎಲ್.ಆರ್. ಈಶ್ವರಿ ಅವರ ಹಾಡು ಕೇಳಿ ಬೆಳೆದವರಿಗೆ ಒಂದು ಅಂದಾಜು ಸಿಗಬಹುದು, ಆದರೆ ಇದು ಇನ್ನೂ ಒರಟು. ಗಂಟಲಿನ ತಳದಿಂದ ಗುರುಗುಟ್ಟಿಕೊಂಡು ಬರುತ್ತೆ, ಸಾಲಿನ ಕೊನೆಯಲ್ಲಿ ಒಂದು ಕೀರಲು, ಮಧ್ಯೆ ಮಗುವಿನ ಥರ ಮುದ್ದು. 'ಫುಜಿಯಾಮಾ ಮಾಮಾ' ಹಾಕಿದಾಗ ನನ್ನ ಮಗಳು ಅಡುಗೆಮನೆಗೆ ಬಂದು, ಅಮ್ಮಾ ಇವಳು ಯಾಕೆ ಹೀಗೆ ಬೈತಾ ಇದ್ದಾಳೆ ಅಂದಳು. ಬೈತಾ ಇಲ್ಲ ಕಣೆ, ಹೆದರಿಸ್ತಾ ಇದ್ದಾಳೆ ಅಂದೆ. ಅದನ್ನು ಮೊದಲು 1955ರಲ್ಲಿ ಹಾಡಿದ್ದು ಅನಿಸ್ಟೀನ್ ಆಲನ್ ಅನ್ನೋ ಕರಿಯ ಗಾಯಕಿ, ಚೆನ್ನಾಗೇ ಹಾಡಿದ್ದಾರೆ. 1957ರಲ್ಲಿ ವಾಂಡಾ ಅದನ್ನು ಎತ್ತಿಕೊಂಡು ಸಿಡಿಲು ಮಾಡಿದರು. ನಾನು ಜ್ವಾಲಾಮುಖಿ, ಸಿಡಿದರೆ ತಡೆಯೋರಿಲ್ಲ ಅನ್ನೋದು ಹಾಡಿನ ಹೂರಣ. ಹಿರೋಶಿಮಾ ನಾಗಸಾಕಿಯ ಹೆಸರೂ ಅದರಲ್ಲಿ ಬರುತ್ತೆ, ಬಾಂಬಿನ ಹೋಲಿಕೆ. ನನಗೆ ಆ ಸಾಲು ಈಗಲೂ ಮುಜುಗರವೇ. ಆದರೆ ವಿಚಿತ್ರ ನೋಡಿ, ಅಮೆರಿಕದ ರೇಡಿಯೋ ಅದನ್ನು ಮೂಸಿಯೂ ನೋಡಲಿಲ್ಲ, ಜಪಾನಿನಲ್ಲಿ ಅದು ಒಂದನೇ ಸ್ಥಾನಕ್ಕೆ ಹೋಯಿತು! 1959ರಲ್ಲಿ ಅಲ್ಲಿಗೆ ಹೋಗಿ ಹಾಡಿ ಬಂದರು.

ತಮ್ಮ ದೇಶದಲ್ಲಿ ಸಿಕ್ಕ ಒಂದೇ ದೊಡ್ಡ ರಾಕ್ ಗೆಲುವೂ ಆಕಸ್ಮಿಕವೇ. 'ಲೆಟ್ಸ್ ಹ್ಯಾವ್ ಎ ಪಾರ್ಟಿ'. ಬರೆದವರು ಜೆಸ್ಸಿ ಮೇ ರಾಬಿನ್ಸನ್ ಅನ್ನೋ ಕರಿಯ ಹೆಣ್ಣುಮಗಳು, ಅವರ ಹೆಸರನ್ನೂ ಯಾರೂ ಹೇಳಲ್ಲ. ಎಲ್ವಿಸ್ ಅದನ್ನು 1957ರ ಒಂದು ಸಿನಿಮಾದಲ್ಲಿ ಹಾಡಿದ್ದ. ವಾಂಡಾ ತಮ್ಮ ಮೊದಲ ಆಲ್ಬಮ್‌ಗೆ ಇನ್ನೊಂದು ಹಾಡು ಬೇಕು ಅಂತ ಅದನ್ನು ಹಾಕಿಕೊಂಡರು. ಪಿಯಾನೋದಲ್ಲಿ ಬಿಗ್ ಆಲ್ ಡೌನಿಂಗ್. ಬಿಳಿ ಹುಡುಗಿಯ ಬ್ಯಾಂಡಿನಲ್ಲಿ ಕರಿಯ ಪಿಯಾನೋ ವಾದಕ ಊರೂರು ತಿರುಗೋದು ಆಗ ಸಣ್ಣ ಧೈರ್ಯದ ಕೆಲಸ ಏನಲ್ಲ, ಎಷ್ಟೋ ಕಡೆ ಅವರಿಗೆ ಊಟಕ್ಕೂ ಮಲಗೋದಕ್ಕೂ ಬೇರೆ ಬಾಗಿಲು. ಹಾಡು ಆಲ್ಬಮ್ಮಿನಲ್ಲಿ ಸುಮ್ನೆ ಕೂತಿತ್ತು. ಅಯೋವಾದ ಒಬ್ಬ ರೇಡಿಯೋ ಜಾಕಿ ಅದನ್ನು ತನ್ನ ಕಾರ್ಯಕ್ರಮದ ಗುರುತಿನ ಹಾಡು ಮಾಡಿಕೊಂಡ, ಕೇಳಿದವರೆಲ್ಲ ಇದು ಯಾವುದು ಅಂತ ಫೋನ್ ಮಾಡೋಕೆ ಶುರು ಮಾಡಿದರು, ಕಂಪನಿಗೆ ಸುದ್ದಿ ಹೋಗಿ 1960ರಲ್ಲಿ ಬಿಡಿ ರೆಕಾರ್ಡ್ ಬಂತು, ಅಮೆರಿಕದ ಪಾಪ್ ಪಟ್ಟಿಯಲ್ಲಿ 37ನೇ ಸ್ಥಾನ ಸಿಕ್ಕಿತು. ಅಷ್ಟರಲ್ಲಿ ರಾಕಬಿಲ್ಲಿಯ ಕಾಲವೇ ಮುಗಿಯುತ್ತಾ ಬಂದಿತ್ತು.

ಬೇರೆ ಹೆಣ್ಣುಮಕ್ಕಳು ಇರಲಿಲ್ವಾ? ಇದ್ದರು. ಜಾನಿಸ್ ಮಾರ್ಟಿನ್, ವರ್ಜೀನಿಯಾದವರು. 1956ರಲ್ಲಿ ಆರ್‌ಸಿಎ ಕಂಪನಿ ಸೇರಿದಾಗ ಇನ್ನೂ ಹದಿನಾರೂ ತುಂಬಿಲ್ಲ. ಏನು ಹಾಡ್ತಾರೆ, ಮೈಯೆಲ್ಲ ತಾಳ. ಕಂಪನಿ ಏನು ಮಾಡಿತು? 'ಹೆಣ್ಣು ಎಲ್ವಿಸ್' ಅಂತ ಬೋರ್ಡು ಹಾಕಿ ಮಾರಿತು. ಆಮೇಲೆ ಆ ಹುಡುಗಿ ಗುಟ್ಟಾಗಿ ಮದುವೆ ಆಗಿದ್ದಾಳೆ, ಬಸುರಿ ಅಂತ ಗೊತ್ತಾಗಿದ್ದೇ ತಡ, ಕೈಬಿಟ್ಟಿತು. ಎಲ್ವಿಸ್ ಹೆಸರಲ್ಲಿ ಮೇಲೆ ಬಂದವಳಿಗೆ ತನ್ನ ಹೆಸರಲ್ಲಿ ಬದುಕೋಕೆ ಬಿಡಲಿಲ್ಲ. ನೀವು ಬರೆದ ಒಂದು ಸಾಲಿನ ಮೇಲೆ ನಾನು ಇಷ್ಟು ರಗಳೆ ತೆಗೆಯೋದಕ್ಕೆ ಇದೂ ಒಂದು ಕಾರಣ.

ವಾಂಡಾ ಉಳಿದುಕೊಂಡದ್ದು ಹೇಗೆ ಅಂದರೆ, ಬಾಗಿಲು ಮುಚ್ಚಿದಾಗೆಲ್ಲ ಪಕ್ಕದ ಬಾಗಿಲು ತಳ್ಳಿದರು. 1961ರಲ್ಲಿ ತಾವೇ ಬರೆದ 'ರೈಟ್ ಆರ್ ರಾಂಗ್' ಅನ್ನೋ ಮೆತ್ತನೆ ಹಾಡು ಕಂಟ್ರಿಯಲ್ಲೂ ಪಾಪ್‌ನಲ್ಲೂ ಗೆದ್ದಿತು. (ಅದರ ಹಿಂದಿನ ಮಗ್ಗುಲಲ್ಲಿ ಇರುವ 'ಫನಲ್ ಆಫ್ ಲವ್' ನನ್ನ ಪ್ರಕಾರ ಹತ್ತು ಪಟ್ಟು ಮೇಲು, ರಾಯ್ ಕ್ಲಾರ್ಕ್ ಗಿಟಾರ್ ಹಾವಿನ ಥರ ಸುತ್ತಿಕೊಳ್ಳುತ್ತೆ. ಆಗ ಯಾರೂ ಕೇಳಲಿಲ್ಲ, ಈಗಿನ ಹುಡುಗರು ಹುಡುಕಿ ಕೇಳ್ತಾರೆ.) ಅದೇ ವರ್ಷ ವೆಂಡೆಲ್ ಗುಡ್‌ಮನ್ ಅವರ ಜೊತೆ ಮದುವೆ. ಐಬಿಎಂ ಕೆಲಸ ಬಿಟ್ಟು ಹೆಂಡತಿಯ ಕಾರ್ಯಕ್ರಮ ನೋಡಿಕೊಂಡ ಗಂಡ, ಅದೂ 1960ರ ದಶಕದಲ್ಲಿ! ಎರಡು ಮಕ್ಕಳು. ಲಾಸ್ ವೇಗಸ್‌ನ ರಾತ್ರಿಗಳು. ಜರ್ಮನ್ ಬಾರದಿದ್ದರೂ ಉಚ್ಚಾರಣೆ ಬಾಯಿಪಾಠ ಮಾಡಿ 1965ರಲ್ಲಿ ಹಾಡಿದ 'ಸಾಂಟೋ ಡೊಮಿಂಗೊ' ಜರ್ಮನಿಯಲ್ಲಿ ಜನಪ್ರಿಯವಾಯಿತು. 1971ರಲ್ಲಿ ಗಂಡ ಹೆಂಡತಿ ಇಬ್ಬರೂ ದೇವರ ಕಡೆ ತಿರುಗಿದರು, ಕ್ಲಬ್ಬು ಬಿಟ್ಟು ಚರ್ಚಿನ ಹಾಡಿಗೆ ಹೋದರು. ಆ ಆಲ್ಬಮ್‌ಗಳು ನನಗೆ ಬೋರು, ಮುಂದಕ್ಕೆ ಹೋಗೋಣ.

1980ರ ದಶಕದಲ್ಲಿ ಸ್ವೀಡನ್ನಿನಿಂದ ಕರೆ ಬಂತು. ಯೂರೋಪಿನ ಹುಡುಗರು ಹಳೇ ರಾಕಬಿಲ್ಲಿ ಪ್ಲೇಟುಗಳನ್ನು ಹುಡುಕಿಕೊಂಡು ಕೇಳ್ತಿದ್ದ ಕಾಲ. ಅಮೆರಿಕದಲ್ಲಿ ತಿರುಗಿಸದೇ ಬಿಟ್ಟ ಆ ಮಗ್ಗುಲು ಅಲ್ಲಿನವರಿಗೆ ಬಾಯಿಪಾಠ! ಅಮೆರಿಕಕ್ಕೆ ಆ ಬಿಸಿ ತಟ್ಟಿದ್ದು 1995ರಲ್ಲಿ. ರೋಸಿ ಫ್ಲೋರೆಸ್ ಅನ್ನೋ ಗಾಯಕಿ ತಮ್ಮ ಆಲ್ಬಮ್ಮಿನಲ್ಲಿ ವಾಂಡಾ ಮತ್ತು ಜಾನಿಸ್ ಮಾರ್ಟಿನ್ ಇಬ್ಬರನ್ನೂ ಕರೆದು ಹಾಡಿಸಿ, ಆಮೇಲೆ ವಾಂಡಾರನ್ನು ಜೊತೆಗೆ ಕರೆದುಕೊಂಡು ಕ್ಲಬ್‌ಗಳಲ್ಲಿ ತಿರುಗಿದರು. ಗಮನಿಸಿ, ಕೈ ಹಿಡಿದು ವಾಪಸ್ ಕರೆತಂದದ್ದೂ ಇನ್ನೊಬ್ಬ ಹೆಣ್ಣುಮಗಳೇ.

ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಅಂತ ಈ ಸಂಗೀತದ ದೊಡ್ಡವರನ್ನು ಗೌರವಿಸುವ ಸಂಸ್ಥೆ ಇದೆಯಲ್ಲ, 1986ರಲ್ಲಿ ಮೊದಲ ಸಲ ಗಾಯಕರನ್ನು ಸೇರಿಸಿಕೊಂಡಾಗ ಹತ್ತು ಹೆಸರು, ಹತ್ತೂ ಗಂಡಸರೇ. ಮುಂದಿನ ವರ್ಷ ಗಾಯಕಿ ಅರೀಥಾ ಫ್ರಾಂಕ್ಲಿನ್ ಬಂದರು. ವಾಂಡಾ ಕಾಯ್ತಾ ಇದ್ದರು. ಬ್ರಿಟಿಷ್ ಗಾಯಕ ಎಲ್ವಿಸ್ ಕಾಸ್ಟೆಲ್ಲೋ (ಇನ್ನೊಬ್ಬ ಎಲ್ವಿಸ್, ಏನು ಮಾಡೋದು) ಇದು ನ್ಯಾಯ ಅಲ್ಲ ಅಂತ ಬಹಿರಂಗ ಪತ್ರವನ್ನೇ ಬರೆದರು. ಕೊನೆಗೆ 2009ರಲ್ಲಿ ಸೇರಿಸಿಕೊಂಡರು, ಗಾಯಕಿ ರೋಸಾನ್ ಕ್ಯಾಶ್ ಸ್ವಾಗತದ ಮಾತು ಆಡಿದರು. ಆಗಲೂ ಸೇರಿಸಿದ್ದು 'ಆರಂಭದ ಪ್ರಭಾವ' ಅನ್ನೋ ವಿಭಾಗದಲ್ಲಿ, ಮುಖ್ಯ ಸಾಲಿನಲ್ಲಿ ಅಲ್ಲ.

ಆ ವಯಸ್ಸಿಗೆ ಸಾಕು ಅಂತ ಮನೆಯಲ್ಲಿ ಕೂರಬಹುದಿತ್ತು. 2011ರಲ್ಲಿ, 73ನೇ ವಯಸ್ಸಿಗೆ, ಈ ಕಾಲದ ರಾಕ್ ಗಾಯಕ ಜ್ಯಾಕ್ ವೈಟ್ ಜೊತೆ ಹೊಸ ಆಲ್ಬಮ್ ಮಾಡಿದರು. ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್ ಹಾಡನ್ನೂ ಬಿಡಲಿಲ್ಲ. ತುತ್ತೂರಿಗಳ ಗಲಾಟೆ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತೆ ನನಗೆ, ಆದರೆ ದನಿ ಅದೇ. ಅದೇ ವರ್ಷ ಬ್ರಿಟಿಷ್ ಗಾಯಕಿ ಅಡೆಲ್ ತಮ್ಮ ಅಮೆರಿಕ ಪ್ರವಾಸದಲ್ಲಿ ತಮ್ಮ ಮುಂಚೆ ಹಾಡೋಕೆ ಇವರನ್ನು ಕರೆಸಿಕೊಂಡರು. 2017ರಲ್ಲಿ ಗಂಡ ತೀರಿಕೊಂಡರು. 2019ರಲ್ಲಿ ಇನ್ನು ವೇದಿಕೆ ಹತ್ತಲ್ಲ ಅಂತ ಹೇಳಿದರು. ಆದರೂ 2021ರಲ್ಲಿ ರಾಕ್ ಗಾಯಕಿ ಜೋನ್ ಜೆಟ್ ಅವರ ರೆಕಾರ್ಡ್ ಕಂಪನಿಯಿಂದ 'ಎನ್‌ಕೋರ್' ಅಂತ ಇನ್ನೊಂದು ಆಲ್ಬಮ್ ಬಂತು. ಹುಡುಗೀರ ರೆಕಾರ್ಡು ಮಾರಾಟ ಆಗಲ್ಲ ಅಂತ ಅನ್ನಿಸಿಕೊಂಡು 67 ವರ್ಷ ಆಗಿತ್ತು.

ತಿದ್ದುಪಡಿ ಹಾಕಿ ಅಂತ ನಾನು ಕೇಳಲ್ಲ, ತಪ್ಪು ಮಾಹಿತಿ ಏನೂ ಇರಲಿಲ್ಲವಲ್ಲ. ಪುರವಣಿಯಲ್ಲಿ ಇನ್ನೊಂದು ಭಾಗ ಬರೋದಿದ್ದರೆ ಅರ್ಧ ಪುಟ ಈ ಹೆಣ್ಣುಮಕ್ಕಳಿಗೆ ಇಡಿ. ರೋಸ್ ಮ್ಯಾಡಾಕ್ಸ್, ಜಾನಿಸ್ ಮಾರ್ಟಿನ್, ಜೆಸ್ಸಿ ಮೇ ರಾಬಿನ್ಸನ್, ಇವರ ಹೆಸರೂ ಕನ್ನಡದಲ್ಲಿ ಒಮ್ಮೆ ಅಚ್ಚಾಗಲಿ. ಅಲ್ಲಿಯವರೆಗೆ ಓದುಗರಿಗೆ ಒಂದು ಸಲಹೆ. ಕ್ಯಾಲಿಫೋರ್ನಿಯಾದಲ್ಲಿ 'ಟೌನ್ ಹಾಲ್ ಪಾರ್ಟಿ' ಅಂತ ಒಂದು ಟಿವಿ ಕಾರ್ಯಕ್ರಮ ಬರ್ತಿತ್ತು. ಅದರಲ್ಲಿ ವಾಂಡಾ 'ಹಾರ್ಡ್ ಹೆಡೆಡ್ ವುಮನ್' ಹಾಡಿದ ಕಪ್ಪುಬಿಳುಪು ತುಣುಕು ಯೂಟ್ಯೂಬಿನಲ್ಲಿ ಇದೆ. ಎಲ್ವಿಸ್ ಹಾಡೇ ಅದು. ಮೊದಲು ಅವನದ್ದು ಕೇಳಿ, ಆಮೇಲೆ ಇವರದ್ದು ನೋಡಿ. ಸೌಂಡ್ ಮಾತ್ರ ಜಾಸ್ತಿ ಇಟ್ಟುಕೊಳ್ಳಿ.

ಇತಿ,
ನಿಮ್ಮ ಓದುಗಳು, ಹಾಸನ